ನಾಲ್ಕು ಹೆಗಲು

"ಪೆಟ್ಟಿಗೆ ಮುಚ್ಚಿಸಯ್ಯ! ಕುಷ್ಠರೋಗಿ ಹೆಣಾನ ಎಲ್ರ ಮುಂದೆ ತೆರೆದಿಟ್ಟಿದೀಯಲ್ಲ, ನಾಚಿಕೆ ಆಗಲ್ವ? ಇಯರ್ ಟೆನ್‌ಗೇ ಸ್ಕೂಲ್ ಬಿಟ್ಟೋನ ಬುದ್ಧಿ ಇನ್ನೆಷ್ಟಿರುತ್ತೆ!"

ಅಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದ ಉತ್ತಮನ ಕೈ ಅಲ್ಲೇ ನಿಂತಿತು. ಅಂದವರು ನಾರ್ತ್ ಲೇಕ್ಸ್ ಕನ್ನಡಿಗರ ಬಳಗದ ಹಿರಿಯ ರಮಾಕಾಂತ್. ಬಳಗದವರೆಲ್ಲ ಕೇಳಿಯೂ ಕೇಳದವರ ಹಾಗೆ ಸ್ಮಶಾನದ ಸಭಾಂಗಣದ ಹಿಂದಿನ ಕುರ್ಚಿಗಳಲ್ಲಿ ಒತ್ತೊತ್ತಿ ಕೂತಿದ್ದರು. ಮುಂದಿನ ಸಾಲುಗಳು ಬೋಳು ಬೋಳಾಗಿದ್ದವು.

"ಅಂಕಲ್, ಅಪ್ಪಂಗೆ ವಾಸಿಯಾಗಿ ಮೂರು ವರ್ಷ ಆಯ್ತು," ಎಂದಳು ತಂಗಿ ಕವನಾ. "ಹೋಗಿದ್ದು ಹಾರ್ಟ್ ಅಟ್ಯಾಕಲ್ಲಿ. ಮಾತ್ರೆ ಶುರು ಮಾಡಿದ ಮೇಲೆ ಅದು ಯಾರಿಗೂ ಅಂಟಲ್ಲ."

"ಇರ್ಬಹುದಮ್ಮ. ನಾನೇನು ಡಾಕ್ಟರಲ್ಲ. ಆದ್ರೆ ಮಕ್ಕಳು ಮರಿ ಬಂದಿದಾರೆ ನೋಡು, ಸುಮ್ನೆ ರಿಸ್ಕ್ ಯಾಕೆ?"

ಉತ್ತಮ ಹಲ್ಲು ಕಚ್ಚಿದ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಈ ಹುಡುಗನಿಗೆ ಬಾಯಿಗಿಂತ ಕೈ ಮುಂದು ಎಂದು ಊರಿಗೆಲ್ಲ ಗೊತ್ತು. ಆದರೆ ಇವತ್ತು ಜಗಳವಾಡಿದರೆ ಅಪ್ಪನಿಗೆ ಹೆಗಲು ಕೊಡುವವರು ಯಾರು? ತಮ್ಮವರೊಬ್ಬರ ಪೆಟ್ಟಿಗೆಯನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಹೋದದ್ದನ್ನು ನೋಡಿ ಬಂದ ದಿನ ಅಪ್ಪ ಬಸವಂತಪ್ಪ ಅನ್ನವನ್ನೇ ಮುಟ್ಟಿರಲಿಲ್ಲ. "ನನ್ನನ್ನ ಸಾಮಾನಿನಂಗೆ ತಳ್ಬ್ಯಾಡ್ರಪ್ಪ. ನಾಲ್ಕು ಹೆಗಲ ಮ್ಯಾಲೆ ಹೋಗಂಗೆ ಮಾಡಿ, ಸಾಕು," ಎಂದಿದ್ದರು. ಅವರು ಜೀವಮಾನದಲ್ಲಿ ಮಕ್ಕಳನ್ನು ಕೇಳಿದ್ದು ಅದೊಂದೇ.

ಉತ್ತಮ ಅಪ್ಪನ ಎಡಗೈ ಎತ್ತಿ ಅದರಲ್ಲಿ ಇಷ್ಟಲಿಂಗ ಇಡಲು ಹೋದ. ರೋಗ ನರ ತಿಂದು ಮಡಚಿಟ್ಟ ಬೆರಳುಗಳು ಬಿಚ್ಚಲಿಲ್ಲ. ಸಂದಿಯಲ್ಲಿ ಜಾರಿಸಿದ. ಅಳತೆ ಕೊಟ್ಟು ಹೊಲಿಸಿದ ಜೇಬಿನ ಹಾಗೆ ಬೆರಳುಗಳು ಲಿಂಗವನ್ನು ಹಿಡಿದುಕೊಂಡವು.

*

ಬಸವಂತಪ್ಪ ತುಮಕೂರು ಕಡೆಯ ಟೈಲರ್, ಮಕ್ಕಳ ಜೊತೆ ಈ ಪರದೇಶಕ್ಕೆ ಬಂದವರು. ನಾರ್ತ್ ಲೇಕ್ಸ್‌ನ ಅಂಗಡಿಯೊಂದರಲ್ಲಿ ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು ಅವರ ಕೆಲಸ. ಇಸ್ತ್ರಿಪೆಟ್ಟಿಗೆ ಬೆರಳು ಸುಟ್ಟರೂ ಗೊತ್ತಾಗುತ್ತಿಲ್ಲವೆಂದು ಡಾಕ್ಟರ ಹತ್ತಿರ ಹೋದಾಗಲೇ ರೋಗ ಪತ್ತೆಯಾದದ್ದು. ಮಾತ್ರೆ ಮುಗಿಸಿ ವಾಸಿಯಾದ ವರ್ಷ, ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಕವನಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಇಲಿಮೂತಿ, ಮೈತುಂಬ ಚಿಪ್ಪಿನ ಪಟ್ಟಿ.

"ನಮ್ಮ ಚಿಪ್ಪುಹಂದಿಗೆ ಚಿಕ್ಕಪ್ಪನ ಮಗ ಇದ್ದಂಗೈತಲ್ಲವ್ವ!"

"ಇದು ಆರ್ಮಡಿಲೊ ಅಪ್ಪ, ಅಮೆರಿಕದ್ದು. ನಿನ್ ರೋಗದ ಕ್ರಿಮಿ ಲ್ಯಾಬಿನ ಗಾಜಿನ ತಟ್ಟೇಲಿ ಬೆಳೆಯೋದೇ ಇಲ್ಲ. ಇದರ ಮೈಯಲ್ಲಿ ಬೆಳೆಯುತ್ತೆ. ಇದರ ಮೈ ನಮ್ಮದಕ್ಕಿಂತ ತಣ್ಣಗೆ, ಆ ಕ್ರಿಮಿಗೆ ತಂಪೇ ಬೇಕು. ನಿನಗೂ ಅದಕ್ಕೇ ಕಿವಿ, ಬೆರಳು ಹಿಡ್ಕೊಂಡಿದ್ದು."

"ಪಾಪದ್ದು, ಅದಕ್ಕೆ ಯಾರಿಂದ ಬಂತು?"

"ಮನುಷ್ಯರಿಂದಾನೇ. ಯುರೋಪಿಂದ ಹೋದೋರು ಅಂಟಿಸಿದ್ದು ಅಂತಾರೆ. ಈಗ ಅಲ್ಲಿನೋರು ಅದನ್ನ ಮುಟ್ಟೋಕೇ ಹೆದರ್ತಾರೆ."

"ಕೊಟ್ಟೋರು ನಾವು, ಕೆಟ್ಟ ಹೆಸರು ಅದಕ್ಕೆ!" ಬಸವಂತಪ್ಪ ತೊಡೆ ತಟ್ಟಿಕೊಂಡು ನಕ್ಕರು. ಅದು ಪ್ರತಿ ಸಲ ಒಂದೇ ಅಂಡಾಣುವಿನಿಂದ, ಒಂದೇ ಅಚ್ಚಿನ ನಾಲ್ಕು ಮರಿ ಹಾಕುತ್ತದೆ ಎಂದಾಗಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪುಣ್ಯಾತ್ಮ! ಹೆಗಲಿಗೆ ಯಾರ ಕಾಲೂ ಹಿಡೀಬೇಕಾಗಿಲ್ಲ."

ಆ ಖುಷಿಯೇ ಅವರಿಗೆ ಮುಳುವಾಯಿತು. ರಾಜ್ಯೋತ್ಸವದ ಊಟಕ್ಕೆ ತಮ್ಮ ಕೈಯಾರೆ ತಟ್ಟಿದ ಒಬ್ಬಟ್ಟಿನ ಡಬ್ಬಿ ಹಿಡಿದು ಹೋದವರು, ಅಲ್ಲಿ ಫೋನ್ ತೆಗೆದು ತಮ್ಮ ರೋಗದ, ಆರ್ಮಡಿಲೊದ ಕತೆ ಶುರು ಮಾಡಿದರು. "ನೋಡಿ ಸಾರ್, ನನ್ನ ದಾಯಾದಿ!" ಎಲ್ಲರೂ ಓದಿದವರು, ಎಂಜಿನಿಯರುಗಳು, ತನಗಿಂತ ಹೆಚ್ಚು ಖುಷಿಪಡುತ್ತಾರೆ ಎಂದುಕೊಂಡಿದ್ದರು. ಬಾಯಿಗಿಟ್ಟ ಒಬ್ಬಟ್ಟನ್ನು ಒಬ್ಬಾಕೆ ಟಿಶ್ಯೂ ಪೇಪರಿಗೆ ಉಗಿದಳು. ಡಬ್ಬಿ ತುಂಬಿದ ಹಾಗೇ ಮನೆಗೆ ಬಂತು. ಬಸವಂತಪ್ಪ ಒಬ್ಬಟ್ಟನ್ನು ಬಿಸಿಮಾಡಿ ಒಬ್ಬರೇ ಕೂತು ತಿಂದರು. "ತುಪ್ಪ ಕಡಿಮೆಯಾಗಿತ್ತೇನೋ," ಎಂದರು. ಮತ್ತೆಂದೂ ಒಬ್ಬಟ್ಟು ತಟ್ಟಲಿಲ್ಲ.

*

"ಎಷ್ಟು ಜನ ಹೊರ್ತೀರಿ, ಮೇಟ್?" ಶವಸಂಸ್ಕಾರದ ಕಂಪನಿಯ ಬಿಳಿಯ ಮುದುಕ ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದ.

"ನಾಲ್ಕು," ಎಂದ ಉತ್ತಮ. ಕವನಾ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದಳು. ಇಬ್ಬರಾದರು.

"ಹೆಗಲು ಕೊಡೋರು ಬನ್ನಿ." ಅವನ ದನಿ ಅವನಿಗೇ ಬೇರೆಯವರದ್ದೆನಿಸಿತು. "ಇನ್ನಿಬ್ಬರು ಸಾಕು. ಕಾಲು ಹಿಡೀತೀನಿ, ಬನ್ನಿ."

ಯಾರೋ ಕೆಮ್ಮಿದರು. ಉತ್ತಮ ಹಾಲಪ್ಪನವರನ್ನೇ ನೋಡಿದ. ಅಪ್ಪನ ಗೆಳೆಯ, ಅಪ್ಪ ಹೊಲಿದುಕೊಟ್ಟ ಕೋಟನ್ನೇ ಹಾಕಿಕೊಂಡು ಬಂದಿದ್ದರು.

"ಹಾಲಪ್ಪ ಅಂಕಲ್?"

"ಮಂಡಿ ನೋವು ಕಣಪ್ಪ," ಎಂದರು ಹಾಲಪ್ಪ, ನೆಲ ನೋಡುತ್ತ. ಹೋದ ಭಾನುವಾರ ಪಾರ್ಕಿನ ಬಾರ್ಬಿಕ್ಯೂ ಊಟದಲ್ಲಿ ಓಡಿ ಓಡಿ ಬೌಲಿಂಗ್ ಮಾಡಿದ ಮಂಡಿ ಅದು.

ಮುದುಕ ಎಲ್ಲರ ಮುಖ ನೋಡಿದ. ಒಳಗೆ ಹೋಗಿ ಟ್ರಾಲಿ ತಂದ. ಅದರ ಒಂದು ಚಕ್ರ ಸಮಾಧಿಯವರೆಗೂ ಕಿರಗುಟ್ಟಿತು. ಬಳಗದವರು ದೂರದಿಂದಲೇ ಹೂವೆಸೆದರು. ಅರ್ಧಕ್ಕರ್ಧ ಗುಂಡಿಯ ಆಚೆ ಬಿದ್ದವು.

ಮಣ್ಣು ಮುಚ್ಚಿದ ಮೇಲೆ ಕಾರುಗಳ ಹತ್ತಿರ ಸಾನಿಟೈಸರ್ ಬಾಟಲಿ ಕೈಯಿಂದ ಕೈಗೆ ಹೋಯಿತು. ಏನನ್ನೂ ಮುಟ್ಟದವರೆಲ್ಲ ಮೊಣಕೈವರೆಗೆ ತಿಕ್ಕಿಕೊಂಡರು. ಹಾಲಪ್ಪನವರೂ ತಿಕ್ಕಿಕೊಂಡರು. ಕೊನೆಗೆ ರಮಾಕಾಂತ್ ಬಾಟಲಿ ಹಿಡಿದು ಉತ್ತಮನ ಹತ್ತಿರ ಬಂದರು. ಈಗ ಅವರ ದನಿಯಲ್ಲಿ ಅಕ್ಕರೆಯೇ ಇತ್ತು.

"ಬೇಜಾರು ಮಾಡ್ಕೋಬೇಡಪ್ಪ. ನಿನ್ ಒಳ್ಳೇದಕ್ಕೇ ಹೇಳಿದ್ದು. ಕೈ ಒಡ್ಡು, ಹಾಕ್ತೀನಿ."

ಉತ್ತಮ ತನ್ನ ಎಡ ಅಂಗೈ ನೋಡಿಕೊಂಡ. ಅಪ್ಪನಿಗೆ ಬಳಿದ ವಿಭೂತಿ ಇನ್ನೂ ಗೆರೆಗಳಲ್ಲಿ ಬೆಳ್ಳಗೆ ಕೂತಿತ್ತು. ಒಂದೊಂದೇ ಬೆರಳು ಮಡಚಿ, ಅಪ್ಪನ ಬಿಚ್ಚಲಾಗದ ಕೈಯನ್ನು ಹಿಡಿದುಕೊಂಡವನ ಹಾಗೆ ಎದೆಗೊತ್ತಿಕೊಂಡು, ಸಮಾಧಿಗಳ ನಡುವಿನ ದಾರಿಯಲ್ಲಿ ನಡೆದುಹೋದ.