ಎರಡನೆಯ ಬಾಚಣಿಗೆ

೧
ಬೆಳಕಿನಿಂದ ಶುರು ಮಾಡಲೇ, ಬಾಚಣಿಗೆಯಿಂದಲೇ? ಬೆಳಕಿನಿಂದ ಶುರು ಮಾಡಿದ ಡ್ರಾಫ್ಟ್ ಪಾಠಪುಸ್ತಕದಂತಾಯಿತು, ಹರಿದೆ. ಪುತ್ತೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ನನ್ನ ಕಥೆಯ ನಾಯಕಿ ಮುಹ್ಸಿನಾ ನಕ್ಕಳು.

"ಸುಲಭ ಉಂಟು ಮಾರಾಯ್ರೆ. ನಾನು ಹೇಳ್ತೇನೆ, ನೀವು ಬರೀರಿ."

೨
ಅವಳು ಹೇಳಿದ್ದು: ಒಂದು ಲೇಸರಿನಲ್ಲಿ ಸಾವಿರಾರು ಬಣ್ಣಗಳು, ಬಾಚಣಿಗೆಯ ಹಲ್ಲಿನಂತೆ ಸಮ ಅಂತರದಲ್ಲಿ. ಗಾಳಿಯ ಮೂಲಕ ಹಾಯಿಸಿದರೆ ಅದರಲ್ಲಿರುವ ಒಂದೊಂದು ವಸ್ತುವೂ ತನ್ನದೇ ಕೆಲವು ಹಲ್ಲುಗಳನ್ನು ಮಂಕಾಗಿಸುತ್ತದೆ. ಮಂಕಾದದ್ದನ್ನು ನೋಡಿ ಗಾಳಿಯಲ್ಲಿ ಏನಿದೆಯೆಂದು ಹೇಳಬಹುದು. ಆದರೆ ಬೆಳಕಿನ ಕಂಪನ ಎಣಿಕೆಗೆ ಸಿಗದಷ್ಟು ವೇಗ. ಅಂತರ ಕೂದಲೆಳೆಯಷ್ಟು ಬೇರೆಯಾದ ಇಂಥದೇ ಇನ್ನೊಂದು ಲೇಸರ್ ಬಾಚಣಿಗೆಯನ್ನು ಜೊತೆಗೂಡಿಸಿದರೆ, ಎರಡರ ನಡುವಿನ ವ್ಯತ್ಯಾಸ ನಿಧಾನವಾಗಿ ಮಿಡಿಯುತ್ತದೆ. ಅದನ್ನು ಎಣಿಸಬಹುದು, ದೊಡ್ಡ ಯಂತ್ರ ಬೇಡ.

(ಇಷ್ಟೇ ಅಂತೆ. ನಾನು ಮೂರು ಡ್ರಾಫ್ಟ್ ಹರಿದಿದ್ದೆ.)

೩
ಇದನ್ನೇ ಅವಳು ರಾಮಕುಂಜದಲ್ಲಿರುವ ಅಜ್ಜಿ ಆಯಿಶಮ್ಮನಿಗೆ ಫೋನಿನಲ್ಲಿ ಹೇಳಿದ್ದಳು. "ಎರಡು ಬಾಚಣಿಗೆ ಬೇಕು, ಒಂದೇ ಉಂಟು. ಕೆಲಸ ನಿಂತಿದೆ." (ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ನನಗೆ ಅದು ಬಾರದು, ಅದಕ್ಕೆ ಮುಹ್ಸಿನಾಳಿಗೆ ಸಿಟ್ಟು.)

ಮರುದಿನ ಬಸ್ ಕಂಡಕ್ಟರ್ ಹೈದರ್ ಕೈಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಬಂತು. ಒಳಗೆ ಹಳೆಯ ಶಾಲಿನ ಮೇಲೆ ಒಂದು ಮರದ ಬಾಚಣಿಗೆ. ಮುಹ್ಸಿನಾಳ ತೀರಿಹೋದ ತಾಯಿ, ಅವಳ ಉಮ್ಮ ಝುಲೈಖಾಳದ್ದು. ತಲೆಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಮುಹ್ಸಿನಾ ಮುಚ್ಚಳ ಒತ್ತಿ ಹಾಕಿದಳು.

ಅವಳಿಗೆ ಉಮ್ಮನ ನೆನಪಾಯಿತು ಎಂದು ಬರೆದೆ.

"ನೆನಪಲ್ಲ. ಉಮ್ಮನೇ ಬೇಕು ಅಂತ ಆಯ್ತು," ಎಂದು ತಿದ್ದಿದಳು.

೪
ಲ್ಯಾಬಿಗೆ ಎರಡನೆಯ ಲೇಸರ್ ಕೊನೆಗೂ ಬಂದಿದೆ. ಈಗ ನನಗೊಂದು ಅಂತ್ಯ ಬೇಕು.

ಅಂತ್ಯ ಒಂದು: ಅವಳು ಡಬ್ಬಿಯ ಗಾಳಿಯನ್ನು ಯಂತ್ರಕ್ಕೆ ಎಳೆಯುತ್ತಾಳೆ. ಪರದೆಯ ಮೇಲೆ ಉಮ್ಮನ ವಾಸನೆಯ ಗೆರೆಗಳು ಮೂಡುತ್ತವೆ, ಶಾಶ್ವತವಾಗಿ ಉಳಿಯುತ್ತವೆ.

"ಗೆರೆ ಉಳೀತದೆ, ವಾಸನೆ ಹೋಗ್ತದೆ. ಇರುದೇ ಅಷ್ಟು," ಎಂದಳು ಮುಹ್ಸಿನಾ.

"ಕಥೆಗೊಂದು ಮುಕ್ತಾಯ ಬೇಡವಾ?"

"ಕಥೆ ಬೇಕಾದ್ರೆ ತೆರೆದಿಡಿ. ಡಬ್ಬಿ ಮುಚ್ಚಿಯೇ ಇರ್ಲಿ."

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ, ನಾನು ಬರೆಯದೆಯೇ, ಆಯಿಶಮ್ಮನ ಫೋನ್ ಬಂತು.

"ಬಾಚಣಿಗೆ ಸರಿಯಾಯ್ತಾ ಮಗಳೇ?"

"ಸರಿಯಾಯ್ತು. ಅದೇ ಬೇಕಿತ್ತು."

"ಕೆಲಸ ಮುಗಿದ್ರೆ ಹೈದರ್ ಕೈಯಲ್ಲಿ ವಾಪಸ್ ಕಳಿಸು. ಮುಚ್ಚಳ ಹೆಚ್ಚು ತೆಗೀಬೇಡ. ನನಗೆ ಆಗಾಗ ಮೂಸಿ ನೋಡ್ಲಿಕ್ಕೆ ಉಂಟು."

ಮುಹ್ಸಿನಾ ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ಬಾಯಲ್ಲಿ ಏನು ಹೇಳಿಸಬೇಕೆಂದು ನನಗೆ ಗೊತ್ತಿಲ್ಲ. ಫೋನ್ ಇನ್ನೂ ಅವಳ ಕಿವಿಯಲ್ಲೇ ಇದೆ.