ತವರಿನ ಗೊಬ್ಬರ

ಕುರಿ ನಿಲ್ಲಿಸಿದ ಹೊಲದ ವಾಸನೆಯನ್ನು ಮಲಕವ್ವ ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು. ಅವಳು ಚಿಕ್ಕವಳಿದ್ದಾಗ ತಿಕೋಟಾದ ತವರಿನ ಹೊಲದಲ್ಲಿ ಕುರುಬರು ರಾತ್ರಿಯಿಡೀ ಹಿಂಡು ತರುಬಿ, ಬೆಳಗಾದ ಮೇಲೆ ಕೂಲಿಯ ಜೋಳ ಹೊತ್ತು ಮುಂದಿನ ಹೊಲಕ್ಕೆ ಹೋಗುತ್ತಿದ್ದರು. ಆಮೇಲೆ ಅವಳೂ ತಮ್ಮ ಭಾಗಪ್ಪನೂ ಬರಿಗಾಲಲ್ಲಿ ಅಲ್ಲಿ ಓಡಾಡುವರು. ಇಬ್ಬನಿಯಲ್ಲಿ ನೆನೆದ ಹಿಕ್ಕೆ, ಉಣ್ಣೆ, ಎರೆಮಣ್ಣು ಎಲ್ಲ ಕೂಡಿ ಬೆಚ್ಚಗಿನ ಒಂದು ಘಾಟು. ಭೂಮಿತಾಯಿ ಹೊಟ್ಟೆತುಂಬ ಉಂಡು ತೇಗಿದ್ದಾಳೆ ಎಂದು ಅವ್ವ ಹೇಳುತ್ತಿದ್ದಳು.

ಸಾರವಾಡದ ಗಂಡನ ಮನೆಯ ಹೊಲದಲ್ಲಿ ಈ ವರ್ಷ ಏಳುತ್ತಿದ್ದ ವಾಸನೆಯೇ ಬೇರೆ. ಸೊಪ್ಪಿನ ಮಡಿಗೆ ನೀರು ಬಿಟ್ಟಾಗಲೆಲ್ಲ ಕೊಳೆತ ಮೋರಿಯ ಮೇಲೆ ಯಾರೋ ಸಾಬೂನು ನೀರು ಸುರುವಿದಂತೆ ಮೂಗಿಗೆ ಅಡರುತ್ತಿತ್ತು. ಕಳೆ ಕೀಳುವಾಗ ಬೆರಳಿಗೆ ಗುಳಿಗೆಯ ಖಾಲಿ ಚೀಟಿ ಸಿಕ್ಕಿತು. ಕೂದಲ ಸಿಂಬೆ ಸಿಕ್ಕಿತು. ಒಮ್ಮೆ ಅರ್ಧ ಬ್ಲೇಡು. ಪಾದಗಳು ನವೆಯಾಗಿ ಕೆಂಪಾದವು. ಮೊದಲ ಸಲ ಕಿತ್ತ ಹಕ್ಕರಕಿ ಸೊಪ್ಪು ತಿಂದ ಮೇಲೆ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದಳು.

"ಗೊಬ್ಬರ ಅಂದಮ್ಯಾಲ ಮಲ್ಲಿಗಿ ವಾಸನಿ ಬರತೈತೇನು?" ಎಂದು ಗಂಡ ಧೂಳಪ್ಪ ನಕ್ಕಿದ್ದ. "ಬೆಳಿ ನೋಡ ಬೆಳಿ! ನಿನ್ನ ತಮ್ಮನ ಕೈ ಬಂಗಾರದ್ದೈತಿ."

ಗೊಬ್ಬರ ತಂದವನು ಅವಳ ತಮ್ಮನೇ. ವಿಜಯಪುರದ ಗಟಾರದ ನೀರು ಸೋಸುವ ಕಡೆ ತಳದಲ್ಲಿ ನಿಲ್ಲುವ ಕರಿ ಕೆಸರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸುವ ಕೆಲಸ ಭಾಗಪ್ಪನದು. ದಸರೆ ಮುಗಿದ ಮೇಲೆ ಅವನು ಅಕ್ಕನ ಹೊಲಕ್ಕೆ ಪುಕ್ಕಟೆ ತಂದು ಸುರಿದ. ತವರಿನಿಂದ ಸೀರೆ ಬರುತ್ತದೆ, ಬಳೆ ಬರುತ್ತದೆ. ಗೊಬ್ಬರ ಬಂದದ್ದು ಊರಿಗೇ ಹೊಸದು. ತಮ್ಮ ಕೊಟ್ಟದ್ದನ್ನು ಅಕ್ಕ ಬೇಡ ಎನ್ನುವುದುಂಟೇ? ಬೆಳೆ ಕಂಡ ಊರಿನ ಇನ್ನೂ ಕೆಲವರು ತಮಗೂ ಬೇಕೆಂದು ಅವನನ್ನು ಕರೆದರು.

ಎಳ್ಳಮಾವಾಸ್ಯೆ ಬಂತು. ಅಂದು ಈ ಸೀಮೆಯಲ್ಲಿ ಮಧ್ಯಾಹ್ನ ಮನೆಯಲ್ಲಿ ಉಣ್ಣುವವರಿಲ್ಲ. ಬಸುರಿ ಭೂಮಿತಾಯಿಗೆ ಉಣಿಸಲು ಅಡುಗೆಯ ಚರಗ ಚೆಲ್ಲಿ, ಬೆಳೆಯ ನಡುವೆಯೇ ಎಲ್ಲರೂ ಕೂತು ಉಣ್ಣಬೇಕು. ಮಲಕವ್ವನ ಮಗ ಅಪ್ಪು ವಿಜಯಪುರದಿಂದ ಬೈಕಿನಲ್ಲಿ ಬಂದ. ಅವನ ಹೆಂಡತಿ ರೇಣುಕಾ ಅಲ್ಲಿಯ ಜೋರಾಪುರ ಪೇಟೆಯ ಬಾಡಿಗೆ ಮನೆಯಿಂದ ಸಾವಕಾಶ ಬಸ್ಸಿನಲ್ಲಿ ಬಂದಳು. ಅವಳಿಗೆ ಏಳು ತಿಂಗಳು. ಹಿಂದಿನ ಸಲ ಬಸಿರು ನಿಂತಿರಲಿಲ್ಲ. ರೇಣುಕಾ ಭಾಗಪ್ಪನ ಮಗಳೇ. ತಮ್ಮನ ಮಗಳನ್ನೇ ಮಲಕವ್ವ ಸೊಸೆ ಮಾಡಿಕೊಂಡಿದ್ದಳು. ಭಾಗಪ್ಪನೂ ಬಂದ, ಬಂಧು ಬಳಗದವರೂ ಕೂಡಿದರು.

ಪಕ್ಕದ ಹೊಲದ ಹುಸೇನಬಿ ಕರೆಯದೆಯೇ ಬಂದು, ಬಸುರಿಗೆ ನೆಲ ಒತ್ತಬಾರದೆಂದು ಬೇವಿನ ನೆರಳಿನಲ್ಲಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಧೂಳಪ್ಪ ಜೋಳದ ಸಾಲಿನಲ್ಲಿ ಚರಗ ಚೆಲ್ಲಿ ಬಂದ. ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿದರು. ನಡುವೆ ಆಗಷ್ಟೇ ಕಿತ್ತ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲಿನ ರಾಶಿ. ಹೊಲದಲ್ಲಿ ಕಿತ್ತದ್ದನ್ನು ತೊಳೆಯುವ ರೂಢಿ ಅವರಲ್ಲಿಲ್ಲ. ಬೇರು ಹಿಡಿದು ಎರಡು ಸಲ ಕೊಡವಿದರೆ ಮುಗಿಯಿತು, ಹಸಿಯಾಗಿಯೇ ರೊಟ್ಟಿಯ ಜೊತೆ ಬಾಯಿಗೆ.

ಮಲಕವ್ವ ಬಡಿಸುತ್ತಲೇ ಇದ್ದಳು. ಸೊಪ್ಪಿನ ರಾಶಿಯ ಹತ್ತಿರ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತಿತ್ತು. ಇಷ್ಟು ಜನರ ಮುಂದೆ ಏನೆಂದು ಹೇಳುವುದು? ತಮ್ಮನ ಮಾನದ ಮಾತು. ಅವನ ತಾಟಿನ ಕಡೆ ನೋಡಿದಳು. ಅಲ್ಲಿಯೇ ಅವಳ ಕಣ್ಣು ನಿಂತಿತು.

ಭಾಗಪ್ಪ ರೊಟ್ಟಿ ಉಂಡ, ಕಡುಬು ಉಂಡ. ಹುಸೇನಬಿ ಸೊಪ್ಪಿನ ಒಂದು ಹಿಡಿ ಅವನ ತಾಟಿಗೆ ಇಟ್ಟಳು. ಅವನು ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಅಂಚಿಗೆ ಸರಿಸಿದ. ಸ್ವಲ್ಪ ಹೊತ್ತಿಗೆ ಅದು ತಾಟಿನಿಂದ ಕೆಳಗೆ ಬಿತ್ತು. ಅದಕ್ಕೆ ತಾಗಿದ್ದ ರೊಟ್ಟಿಯ ಚೂರನ್ನೂ ಅವನು ಮುಟ್ಟಲಿಲ್ಲ.

ಮಲಕವ್ವ ಬಡಿಸುವುದನ್ನು ನಿಲ್ಲಿಸಿದಳು. ಇವನಿಗೆ ಗೊತ್ತಿದೆ.

ಅಷ್ಟರಲ್ಲಿ ರೇಣುಕಾ ಮುಂದೆ ಬಾಗಿದಳು. "ಅತ್ತಿ, ಬಾಯಿ ಕೆಟ್ಟೈತಿ ನೋಡ್ರಿ. ಹಕ್ಕರಕಿ ತಿನ್ನೂ ಆಸೆ ಆಗೇತಿ," ಎಂದು ಒಂದು ಸೂಡು ಎತ್ತಿ ಬಾಯಿಗೆ ಒಯ್ದಳು.

ಮಲಕವ್ವ ಅವಳ ಮುಂಗೈ ಹಿಡಿದು ಜಗ್ಗಿದಳು. ಸೊಪ್ಪು ಚೆಲ್ಲಿತು. ಮಜ್ಜಿಗೆಯ ತಂಬಿಗೆ ಉರುಳಿತು.

"ಹುಚ್ಚ ಹಿಡದೈತೇನ ನಿನಗ?" ಧೂಳಪ್ಪ ಗದರಿದ. "ಬಸುರಿ ತಿನ್ನೂ ತುತ್ತ ಕಸಗೋತಿಯಲ್ಲ, ಅದೂ ಇಂಥಾ ದಿನ!"

"ಸೊಸಿ ಬಾಯಿ ಕಟ್ಟೂ ಅತ್ತಿನ್ನ ಇವತ್ತ ಕಂಡೆ," ಎಂದು ದೂರದ ಪಂಕ್ತಿಯಿಂದ ಯಾರೋ ಚುಚ್ಚಿದರು. ಎರಡು ಮೂರು ಮಂದಿ ನಕ್ಕರು.

ಮಲಕವ್ವ ಯಾರ ಕಡೆಗೂ ನೋಡಲಿಲ್ಲ. ಬಿದ್ದ ಸೂಡನ್ನು ಆರಿಸಿಕೊಂಡು ಹೋಗಿ ತಮ್ಮನ ಮುಂದೆ ಕೂತಳು.

"ತಮ್ಮಾ, ನಾ ತಪ್ಪ ಮಾಡೇನಿ. ತಗೋ, ನಿನ್ನ ಕೈಲೇ ನಿನ್ನ ಮಗಳಿಗಿ ತಿನ್ನಸು."

"ಏನ್ ಯಕ್ಕಾ ನೀ... ಮಂದ್ಯಾಗ..."

"ಮಂದಿ ಇರ್ಲಿ. ತಂದಿ ಕೈತುತ್ತ ಮಗಳಿಗಿ ಚಲೋ ಅಲ್ಲೇನು? ತಿನ್ನಸು."

ಭಾಗಪ್ಪ ಸೂಡನ್ನು ತೆಗೆದುಕೊಂಡ. ಎದ್ದು ಮಗಳ ಹತ್ತಿರ ಬಂದ. ರೇಣುಕಾ, ಅತ್ತೆಯ ಮೇಲಿನ ಸಿಟ್ಟಿಗೋ ಏನೋ, ಸಣ್ಣವಳ ಹಾಗೆ ಬಾಯಿ ತೆರೆದಳು. ಜೋಳದ ಗರಿ ಸರಸರ ಎನ್ನುವುದಷ್ಟೇ ಕೇಳುತ್ತಿತ್ತು. ಅವನ ಕೈ ಮಗಳ ತುಟಿಯವರೆಗೆ ಹೋಯಿತು, ಅಲ್ಲೇ ನಿಂತಿತು.

"ಬ್ಯಾಡವ್ವಾ," ಎಂದ. ಸೂಡನ್ನು ಬೇವಿನ ಬೊಡ್ಡೆಯಾಚೆ ಒಗೆದ. "ತಿನಬ್ಯಾಡ. ಯಾರೂ ತಿನಬ್ಯಾಡ್ರಿ."

"ಭಾಗ್ಯಾ?" ಧೂಳಪ್ಪ ಎದ್ದು ನಿಂತ.

"ಮಾಮಾ, ನೀರು ಸೋಸೂ ಕಡೆಯವರು ಹೇಳಿದ್ರು. ಇದನ್ನ ಭಾಳ ದಿನಾ ಒಣಗಸಬೇಕು, ತಪಾಸ ಆಗಬೇಕು, ಹಸೀದ ತಿನ್ನೂ ಬೆಳಿಗಂತೂ ಹಾಕಲೇಬಾರದು ಅಂತ. ದವಾಖಾನಿದು, ಕಾರಖಾನಿದು ಎಲ್ಲಾ ನೀರು ಕೂಡಿ ಬರತೈತಿ, ಜಂತು ಇರತಾವ ಅಂದ್ರು. ನಾನ ಒಣಗೂದಕ್ಕ ಮೊದಲ ತುಂಬಿಕೊಂಡ ಬಂದೆ. ಜ್ವಾಳಕ್ಕ ಹಾಕತೀರಿ ಅಂತ ತಿಳದಿದ್ದೆ. ಆಮ್ಯಾಲ ಸೊಪ್ಪು ನೋಡಿದೆ... ನೀವೆಲ್ಲಾ ಅಷ್ಟ ಖುಷಿಯಾಗಿದ್ರಿ. ಹೇಳಾಕ ಬಾಯಿ ಬರಲಿಲ್ಲ."

"ನಿನ್ನ ಹೊಟ್ಟಿಗಿ ಹುಟ್ಟಿದಾಕಿ ಕುಂತಾಳಲ್ಲೋ ಇಲ್ಲಿ!" ಧೂಳಪ್ಪನ ಕತ್ತಿನ ನರ ಉಬ್ಬಿತ್ತು. ಅವನು ಕೈ ಎತ್ತಿಯೇ ಬಿಟ್ಟಿದ್ದ. ಅಪ್ಪು ಅಪ್ಪನ ತೋಳು ಹಿಡಿದ. "ನಡಿ ನನ್ನ ಹೊಲಾ ಬಿಟ್ಟು! ಇನ್ನ ಈ ಕಡೆ ಕಾಲ ಇಟ್ಟರ ನೋಡು!"

ಮಲಕವ್ವನಿಗೆ ಆಗ ಇನ್ನೊಂದು ಹೊಳೆಯಿತು. ಅವಳು ತಮ್ಮನ ಅಂಗಿ ಹಿಡಿದಳು.

"ಮತ್ತ ಯಾರ್ಯಾರ ಹೊಲಕ್ಕ ಹಾಕೀದಿ?"

ಭಾಗಪ್ಪ ಬೆರಳು ಮಡಿಸಿ ಎಣಿಸಿದ. ಹಳ್ಳದ ದಂಡೆಯ ಸೋನಾಬಾಯಿಯ ಹೊಲ. ಬಬಲೇಶ್ವರ ದಾರಿಯಲ್ಲಿ ಇನ್ನೂ ಒಂದೆರಡು. ಎಲ್ಲ ಹೊಲಗಳಲ್ಲೂ ಇದೇ ಹೊತ್ತಿಗೆ ಪಂಕ್ತಿ ಕೂತಿರುತ್ತದೆ. ಎಲ್ಲರ ನಡುವೆಯೂ ಹಸಿ ಸೊಪ್ಪಿನ ರಾಶಿ.

"ನಿಂತ್ಯಾಕ ನೋಡತಿ? ಓಡು!"

ಅಪ್ಪು ಬೈಕ್ ಚಾಲೂ ಮಾಡಿದ. ಭಾಗಪ್ಪ ಅರ್ಧ ತಾಟು ಬಿಟ್ಟು, ಎಂಜಲು ಕೈಯಲ್ಲೇ ಹಿಂದೆ ಹತ್ತಿದ. ಧೂಳು ಬದುವಿನ ಮೇಲೆ ಬಹಳ ಹೊತ್ತು ನಿಂತಿತ್ತು.

ಆಮೇಲೆ ಯಾರಿಗೂ ಊಟ ಸೇರಲಿಲ್ಲ. ಆಗಲೇ ಸೊಪ್ಪು ತಿಂದಿದ್ದವರು ಮುಖ ಮುಖ ನೋಡಿಕೊಂಡರು. ಚುಚ್ಚಿ ಮಾತಾಡಿದವರೇ ಬಂದು ಮಲಕವ್ವನ ಕೈ ಹಿಡಿದರು. ಹುಸೇನಬಿ ತನ್ನ ಕೊಡದ ನೀರಿನಿಂದ ರೇಣುಕಾಳ ಕೈಯನ್ನು ಬೆರಳು ಬೆರಳು ಬಿಡಿಸಿ ತೊಳೆದಳು. "ನನ್ನ ಸೆರಗಿಗೇ ಒರಿಸ್ಕೊ ಬೇಟಿ, ಒಗದದ್ದೈತಿ," ಎಂದಳು. ರೇಣುಕಾ ಅತ್ತೆಯ ಮಡಿಲಿಗೆ ತಲೆ ಕೊಟ್ಟು ಮಲಗಿದಳು. ಅವಳ ಹೊಟ್ಟೆಯ ಮೇಲೆ ಮಲಕವ್ವ ಇಟ್ಟ ಕೈಗೆ ಒಳಗಿನ ಕೂಸು ಒಮ್ಮೆ ಒದೆಯಿತು. ಅವಳು ಕೈ ತೆಗೆಯಲೇ ಇಲ್ಲ.

ಧೂಳಪ್ಪ ಒಬ್ಬನೇ ಮಡಿಗೆ ಇಳಿದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸೊಪ್ಪನ್ನು ಬೇರುಸಹಿತ ಕಿತ್ತು ಗುಂಡಿಗೆ ತುಂಬುತ್ತ ಹೋದ. ಎದೆಯೆತ್ತಿ ಊರಿಗೆಲ್ಲ ತೋರಿಸಿದ್ದ ಬೆಳೆ ಅದು. ಯಾರೂ ಸಹಾಯಕ್ಕೆ ಹೋಗುವ ಧೈರ್ಯ ಮಾಡಲಿಲ್ಲ.

ಹೊತ್ತು ಇಳಿಯುವಾಗ ಬೈಕ್ ತಿರುಗಿ ಬಂತು. ಭಾಗಪ್ಪನ ಅಂಗಿಯ ಕಿಸೆ ಹರಿದು ಜೋತಿತ್ತು. ಗಲ್ಲ ಬಾತಿತ್ತು. ಅವನು ಹೊಲದೊಳಗೆ ಬರಲಿಲ್ಲ. ದಾರಿಯ ಆಚೆಯ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ.

"ಸೋನಾಬಾಯಿಯವರು ಇನ್ನೂ ಪೂಜಿ ಮಾಡಾಕತ್ತಿದ್ರು, ಉಂಡಿದ್ದಿಲ್ಲ," ಎಂದು ಅಪ್ಪು ಹೇಳಿದ. "ಉಳದವ್ರು ಉಂಡಿದ್ರು. ನಾಳೆ ಸಣ್ಣ ಹುಡುಗರನ್ನ ಕರಕೊಂಡು ದವಾಖಾನಿಗಿ ಹೊಂಟಾರ. ಮಾವನ್ನ ಹೊಡದ್ರು. ಅಂವ ಕೈ ಅಡ್ಡ ಒಡ್ಡಲಿಲ್ಲ. ನಾಳೆ ಅವರ ಜೋಡಿ ತಾನೂ ಹೋಗಿ, ಎಲ್ಲಿಂದ ತಂದೆ ಏನ ತಂದೆ ಅಂತ ಡಾಕ್ಟರಿಗೆ ಹೇಳತಾನಂತ."

ಮಲಕವ್ವ ಕೇಳಿಸಿಕೊಂಡಳು. ಏಳಬೇಕೆಂದರೂ ಏಳಲಾಗಲಿಲ್ಲ, ಮಡಿಲಲ್ಲಿ ರೇಣುಕಾ ನಿದ್ದೆ ಹೋಗಿದ್ದಳು. ತಮ್ಮನ ಬೆನ್ನನ್ನು ನೋಡುತ್ತ ಕೂತಳು.

ಗುಂಡಿಯ ಹತ್ತಿರ ಧೂಳಪ್ಪ ನೆಟ್ಟಗಾದ. ಕೈಗೆ ಕಟ್ಟಿದ್ದ ಚೀಲ ಬಿಚ್ಚಿ ಗುಂಡಿಗೇ ಹಾಕಿದ. ಬೋರಿನ ನೀರಿನಲ್ಲಿ ಕೈಯನ್ನೂ ಮೊಣಕೈಯನ್ನೂ ತಿಕ್ಕಿ ತಿಕ್ಕಿ ತೊಳೆದುಕೊಂಡ. ಬುಟ್ಟಿಯ ಅರಿವೆ ಸರಿಸಿ, ತಾಟಿಗೆ ಎರಡು ರೊಟ್ಟಿ ಹಾಕಿ, ಮೇಲೆ ಎಣ್ಣೆಗಾಯಿ ಹಚ್ಚಿ, ಪಕ್ಕಕ್ಕೆ ಒಂದು ಹೋಳಿಗೆ ಇಟ್ಟ. ಯಾರ ಮುಖವನ್ನೂ ನೋಡದೆ ದಾರಿ ದಾಟಿದ. ಕಲ್ಲಿನ ಹತ್ತಿರ ಹೋಗಿ ತಾಟನ್ನು ಭಾಗಪ್ಪನ ಕೈಗೆ ಕೊಟ್ಟ.