ಕೋಟಿನವನ ಹೆಸರು

“ಹೆಸರು ಗೊತ್ತಾದ ದಿನ ಮೊದಲು ನಿನಗೇ ಹೇಳ್ತೀನಿ, ಆಮೇಲೇನೇ ಬೇರೆಯವರಿಗೆ” ಎಂದು ಮಗಳಿಗೆ ನಾನು ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ಧಾರಾವಾಹಿ ಆಗಷ್ಟೇ ಶುರುವಾಗಿತ್ತು. ಅದನ್ನು ಎಂಟು ವರ್ಷ ಎಳೆಯುತ್ತಾರೆಂದು ಯಾರಿಗೆ ಗೊತ್ತಿತ್ತು?

ಅದರ ನಾಯಕ ಒಬ್ಬ ಪತ್ತೇದಾರ. ಬೂದು ಕೋಟು, ಸದಾ ಅವಸರ. ಯಾರಾದರೂ ಹೆಸರು ಕೇಳಿದರೆ ಬಾಯಿ ತೆರೆಯುತ್ತಾನೆ, ಸರಿಯಾಗಿ ಆ ಹೊತ್ತಿಗೇ ಲಾರಿ ಹಾರ್ನ್ ಹೊಡೆಯುತ್ತದೆ. ವಾರ ವಾರವೂ ಇದೇ ತಮಾಷೆ. ನಮ್ಮಮ್ಮ ಅವನನ್ನು ಕೋಟಿನವನು ಎಂದೇ ಕರೆಯುತ್ತಿದ್ದಳು.

“ಹೆತ್ತವರು ಹೆಸರಿಡೋದೇ ಮರೆತಿರ್ಬೇಕು ಕಣೋ. ಪಾಪ, ಹೇಳ್ಕೊಳ್ಳೋಕೆ ನಾಚಿಕೆ ಅವನಿಗೆ.”

ಮಗಳಿಗೆ ಕಿವಿ ಕೇಳುವುದಿಲ್ಲ. ಕೈಯಲ್ಲೇ ಮಾತಾಡುತ್ತಾಳೆ, ಟಿವಿಯ ಕೆಳಗೆ ಬರುವ ಸಾಲುಗಳನ್ನು ಓದುತ್ತಾಳೆ. ಆ ಸಾಲುಗಳನ್ನು ಕೂರಿಸುವುದೇ ನನ್ನ ಕೆಲಸ. ಕಿವಿಗೆ ಬಿದ್ದದ್ದನ್ನಷ್ಟೇ ಟೈಪ್ ಮಾಡಬೇಕು, ಬೀಳದ್ದನ್ನು ಸೇರಿಸುವಂತಿಲ್ಲ. ಹಾಗಾಗಿ ಹೆಸರಿನ ಜಾಗದಲ್ಲಿ ‘ಲಾರಿ ಹಾರ್ನ್’ ಎಂದು ಎಂಟು ವರ್ಷ ಟೈಪ್ ಮಾಡಿದವನು ನಾನೇ.

ಹನ್ನೆರಡು ತುಂಬಿದ ಮೇಲೆ ಅವಳಿಗೆ ಅನುಮಾನ ಶುರುವಾಯಿತು.

“ನೀನೇ ಮುಚ್ಚಿಡ್ತಿದ್ದೀಯ.”

“ಇಲ್ಲ ಪುಟ್ಟಿ, ನಿಜವಾಗ್ಲೂ ಹಾರ್ನೇ. ಬೇಕಾದ್ರೆ ಅಜ್ಜೀನ ಕೇಳು.”

“ಅಜ್ಜಿ ನಿನ್ನಮ್ಮ. ನಿನ್ನ ಕಡೆಗೇ ಹೇಳ್ತಾಳೆ.”

ಬರಬರುತ್ತಾ ಬೇರೆ ವಿಷಯಕ್ಕೂ ನನ್ನ ಮಾತು ಸಾಲದಾಯಿತು. ಅವಳ ಕಿವಿಯ ಡಾಕ್ಟರು ಹೇಳಿದ್ದನ್ನು ನಾನು ಕೈಯಲ್ಲಿ ತಿಳಿಸಿದರೆ, ಅದನ್ನೇ ಅವರಿಂದ ಚೀಟಿಯಲ್ಲಿ ಬರೆಸಿಕೊಂಡು ಹೋಲಿಸಿ ನೋಡುತ್ತಿದ್ದಳು. ನಾನು ಗೋಡೆ ಕಡೆ ನೋಡುತ್ತಾ ಕೂರುತ್ತಿದ್ದೆ.

ಕೊನೆಯ ಕಂತು ಐದು ದಿನ ಮೊದಲೇ ನಮ್ಮ ಆಫೀಸಿಗೆ ಬಂತು. ಒಬ್ಬ ಮುದುಕಿ ಹೆಸರು ಕೇಳುತ್ತಾಳೆ, ಅವನು ಹೇಳುತ್ತಾನೆ, ಹಾರ್ನ್. ಹನ್ನೊಂದು ಸಲ ಹಾಕಿ ಕೇಳಿದೆ. ಜೊತೆಗೆ ಬಂದ ಸಂಭಾಷಣೆಯ ಹಾಳೆ ತಿರುಗಿಸಿದೆ. ಯಾವಾಗಲೂ ಖಾಲಿ ಇರುತ್ತಿದ್ದ ಜಾಗದಲ್ಲಿ ಈ ಸಲ ಹೆಸರಿತ್ತು. ಮೇಲೊಂದು ಗೀಟು ಎಳೆದಿದ್ದರು, ಆದರೂ ಓದಲು ಬರುತ್ತಿತ್ತು.

“ಕೊನೇ ಕಂತು ಸಾರ್” ಎಂದ ಮೇಲ್ವಿಚಾರಕ, ಹಾಳೆ ವಾಪಸು ತೆಗೆದುಕೊಳ್ಳುತ್ತಾ. “ಹೊರಗೆ ಬಾಯಿ ಬಿಟ್ರೆ ಮನೇಲಿ ಕೂರ್ಬೇಕಾಗುತ್ತೆ.”

ನಾನು ‘ಲಾರಿ ಹಾರ್ನ್’ ಎಂದು ಟೈಪ್ ಮಾಡಿದೆ.

ಸಂಜೆ ಮನೆಗೆ ಬಂದಾಗ ಮಗಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವಳ ಅಂಗೈ ಹಿಡಿದು ಬೆರಳಲ್ಲಿ ಬರೆದೆ. ಮೂರೇ ಅಕ್ಷರ.

“ಇಷ್ಟೇನಾ? ಇದಕ್ಕಾ ಎಂಟು ವರ್ಷ?”

“ಯಾರಿಗೂ ಹೇಳ್ಬೇಡ. ನನ್ನ ಕೆಲಸ ಹೋಗುತ್ತೆ.”

“ಕೆಳಗೆ ಏನಂತ ಹಾಕ್ದೆ?”

“ಲಾರಿ ಹಾರ್ನ್.”

ಅವಳು ಒಂದು ಟವೆಲ್ಲನ್ನು ಎರಡು ಸಲ ಮಡಿಸಿದಳು.

ಕಂತು ಪ್ರಸಾರವಾದ ದಿನ ಅಮ್ಮ ಕುರ್ಚಿಯನ್ನು ಟಿವಿಯ ಮೂತಿಗೇ ಎಳೆದುಕೊಂಡು ಕೂತಳು. ಮಗಳು ಟಿವಿ ನೋಡಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಮುದುಕಿ ಕೇಳಿದಳು. ಅವನು ಬಾಯಿ ತೆರೆದ.

“ಥೂ, ಇವನ ಮನೆ ಹಾಳಾಗ!” ಅಮ್ಮ ಎದ್ದೇ ನಿಂತಳು. “ಕೊನೇ ದಿನಾನೂ ಲಾರಿನೇನೋ ಇವನಿಗೆ? ಪುಟ್ಟಿ, ಕೆಳಗಾದ್ರೂ ಬಂತೇನೇ ಹೆಸರು?” ಓದಲು ಬಾರದ ಅಮ್ಮ ಕೈಸನ್ನೆಯಲ್ಲೂ ಕೇಳಿದಳು.

ಮಗಳು ನನ್ನ ಕಡೆ ಒಮ್ಮೆ ತಿರುಗಿ, ಅಜ್ಜಿಗೆ ಕೈಯಾಡಿಸಿದಳು: “ಹಾರ್ನ್ ಹೊಡೀತು ಅಜ್ಜಿ.”

ಮುಂದಿನ ವಾರವೂ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡಳು. ಓದದೆ ಜೇಬಿಗೆ ಹಾಕಿಕೊಂಡಳು.

ಅಮ್ಮನಿಗೆ ಇವತ್ತಿಗೂ ಹೆಸರು ಗೊತ್ತಿಲ್ಲ. ಮಗಳಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ.